ನಡುವಿನ ಪಿಕಪ್

ಯಡಿಯೂರಿನಲ್ಲಿ ಗಣೇಶನ ಹಬ್ಬ ಒಂದು ದಿನಕ್ಕೆ ಮುಗಿಯುವುದಿಲ್ಲ. ದಕ್ಷಿಣ ಬೆಂಗಳೂರಿನ ಎಷ್ಟೋ ಬಡಾವಣೆಗಳ ಗಣಪತಿಗಳು ವಿಸರ್ಜನೆಗೆ ಯಡಿಯೂರು ಕೆರೆಯ ಕಲ್ಯಾಣಿಗೇ ಬರುವುದು. ಹಾಗಾಗಿ ಚೌತಿ ಕಳೆದು ವಾರಗಳಾದರೂ ತಮಟೆ, ಜನರೇಟರ್, ಸೀರಿಯಲ್ ಸೆಟ್, ಮೈಕ್ ಟೆಸ್ಟಿಂಗ್ ತಪ್ಪಿದ್ದಲ್ಲ. ಬೀದಿಗೊಂದು ಪೆಂಡಾಲು, ಪೆಂಡಾಲಿಗೊಂದು ಆರ್ಕೆಸ್ಟ್ರಾ. ನಮ್ಮ ಬೀದಿಯ ಆರ್ಕೆಸ್ಟ್ರಾದಲ್ಲಿ ದೊಡ್ಡಪ್ಪನ ಮಗ, ನಾವೆಲ್ಲ ಅಣ್ಣ ಅನ್ನುವವನು, ಲೀಡ್ ಗಿಟಾರ್ ನುಡಿಸುತ್ತಿದ್ದ.

2006ರ ಕಾರ್ಯಕ್ರಮದಲ್ಲಿ ಅವನ ಮಾನ ಹೋಯಿತು. ಗಿಟಾರ್ ಸಿಕ್ಕಿಸಿದ ಕ್ಷಣದಿಂದ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು. ಹಾಡು ನಡೆಯುವಾಗ ಹೇಗೋ ಮುಚ್ಚಿಹೋಗುತ್ತಿತ್ತು, ಹಾಡು ನಿಂತು ನಿರೂಪಕ ಮಾತಿಗೆ ನಿಂತರೆ ಸಾಕು, ಅವನ ಮಾತಿನ ಹಿಂದೆಲ್ಲ ಗುಂಯ್. ಸೌಂಡ್‌ನವನು ಬೇಸತ್ತು ಗಿಟಾರಿನ ಫೇಡರ್ ಕೆಳಗಿಳಿಸಿದ. ಇಳಿಸಿದವನು ಮುಂದಿನ ಹಾಡಿಗೆ ಏರಿಸುವುದನ್ನು ಮರೆತ. ರಾಜನ್-ನಾಗೇಂದ್ರರ ಹಾಡಿನ ನಡುವೆ ಅಣ್ಣ ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ವಾಲಿಸಿ ನುಡಿಸಿದ ಬಿಟ್ ಅವನೊಬ್ಬನಿಗೇ ಕೇಳಿದ್ದು. ಕೆಳಗಿಳಿದು ಬಂದಾಗ ಪೆಂಡಾಲಿನ ಕಾರ್ಯದರ್ಶಿಗಳು, "ಆ ಗಿಟಾರ್ ಒಂದು ಇಲ್ಲದಿದ್ರೆ ಫಸ್ಟ್ ಕ್ಲಾಸ್ ಪ್ರೋಗ್ರಾಂ" ಅಂದರು. ಅಂದು ರಾತ್ರಿ ಊಟಕ್ಕೆ ಕೂತಾಗ ಅಣ್ಣ ಘೋಷಿಸಿದ: ಪಿಕಪ್ ಬದಲಾಯಿಸುತ್ತೇನೆ, ಮೂರನ್ನೂ.

ಪಿಕಪ್ ಅಂದರೇನು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದ್ದು ತಿಳಿಯುವುದಿಲ್ಲ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಮೈಕ್ ಇರುವುದಿಲ್ಲ. ಇರುವುದು ಅಯಸ್ಕಾಂತ, ಅದರ ಸುತ್ತ ಕೂದಲಷ್ಟು ಸಪೂರ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ಕಂಪಿಸಿದರೆ ಅಯಸ್ಕಾಂತದ ಕ್ಷೇತ್ರವೂ ಅಲುಗಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ತತ್ವ ಇದು. ಅದನ್ನು ಗಿಟಾರಿನೊಳಗೆ ಕೂರಿಸಿ ಮಾರುಕಟ್ಟೆಗೆ ತರಲು ಇನ್ನೊಂದು ನೂರು ವರ್ಷ ಬೇಕಾಯಿತು. ಅಮೆರಿಕದ ಬೋಷಾಂಪ್ ಮತ್ತು ರಿಕನ್‌ಬ್ಯಾಕರ್ 1930ರ ದಶಕದ ಆರಂಭದಲ್ಲಿ ಅದನ್ನು ಮಾಡಿದರು. ತೊಂದರೆ ಏನೆಂದರೆ, ಸುರುಳಿಗೆ ತಂತಿಯ ಕಂಪನ ಬೇರೆ, ಕರೆಂಟಿನ ಕಂಪನ ಬೇರೆ ಎಂಬ ವಿವೇಕವಿಲ್ಲ. ಟ್ಯೂಬ್‌ಲೈಟಿನ ಚೋಕ್, ಫ್ಯಾನ್ ರೆಗ್ಯುಲೇಟರ್, ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್, ಎಲ್ಲದರ 50 ಹರ್ಟ್ಸನ್ನೂ ಅದು ಹೀರಿಕೊಳ್ಳುತ್ತದೆ. ಒಂದೇ ಸುರುಳಿಯ ಪಿಕಪ್ಪುಗಳಿಗೆ ಗುಂಯ್ ಹುಟ್ಟುಗುಣ. ಅಣ್ಣನದ್ದು ಕಲ್ಕತ್ತಾ ಕಡೆಯಿಂದ ಬಂದ, ಸ್ಟ್ರಾಟೊಕ್ಯಾಸ್ಟರ್ ನಮೂನೆಯ ಗಿಟಾರ್. ಕತ್ತಿನ ಬಳಿ ಒಂದು, ನಡುವೆ ಒಂದು, ಬ್ರಿಡ್ಜಿನ ಬಳಿ ಒಂದು, ಮೂರೂ ಒಂಟಿ ಸುರುಳಿಯವು.

ಇಷ್ಟರಲ್ಲಿ ನನಗೆ ಹುಚ್ಚು ಹಿಡಿದಿತ್ತು. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ಬ್ಯಾಂಡಿನವರು ನುಡಿಸಿದರು. ಪಿಯುಸಿ ಓದುತ್ತಿದ್ದ ನಾನು ಬೇಲಿಗೆ ಒತ್ತಿ ನಿಂತು ಅವರ ಗಿಟಾರಿನವನು ಡೇವ್ ಮರ್ರೆಯ ಬೆರಳುಗಳನ್ನೇ ನೋಡಿದ್ದೆ. ಅವನ ಕೈಯಲ್ಲೂ ಸ್ಟ್ರಾಟೇ, ಆದರೆ ಆ ಸದ್ದು ನಮ್ಮ ಮನೆಯ ಸ್ಟ್ರಾಟಿಗೆ ಏಳೇಳು ಜನ್ಮಕ್ಕೂ ಬರುವಂಥದ್ದಲ್ಲ. ಗುಟ್ಟು ಪಿಕಪ್ಪಿನಲ್ಲಿದೆ ಅಂತ ಗೆಳೆಯರು ಹೇಳಿದರು. ಸೀಮೋರ್ ಡಂಕನ್ ಕಂಪನಿಯ ಹಾಟ್ ರೈಲ್ಸ್: ಒಂಟಿ ಸುರುಳಿಯ ಗಾತ್ರದ ಡಬ್ಬಿಯಲ್ಲೇ ಎರಡು ಸುರುಳಿ, ಆರು ಗುಂಡಿಗಳ ಬದಲು ಎರಡು ಉಕ್ಕಿನ ಪಟ್ಟಿ. ಮರ ಕೆತ್ತಬೇಕಿಲ್ಲ, ಹಳೆಯದನ್ನು ಬಿಚ್ಚಿ ಅದೇ ಕಿಂಡಿಯಲ್ಲಿ ಕೂರಿಸಬಹುದು. ಎರಡು ಸುರುಳಿ ಇದ್ದರೆ ಗುಂಯ್ ಸಾಯುತ್ತದೆ. ಇದು ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಉಪಾಯ. ಹಂಬಕರ್ ಎಂಬ ಹೆಸರು ಬಂದದ್ದೇ ಹಾಗೆ. ಹಾಟ್ ರೈಲ್ಸ್ ಹಾಕಿಸು ಅಂತ ಅಣ್ಣನ ತಲೆ ತಿನ್ನಲು ಶುರುಮಾಡಿದೆ.

ಆಗ ಬೆಂಗಳೂರಿನ ಅಂಗಡಿಗಳಲ್ಲಿ ಇಂಥ ಪಿಕಪ್ ಸುಲಭಕ್ಕೆ ಸಿಗುತ್ತಿರಲಿಲ್ಲ. ಜಯನಗರ, ಬನಶಂಕರಿ ಸುತ್ತಿನ ಮನೆಗಳಿಗೆ ಇದ್ದ ದಾರಿ ಒಂದೇ, ಅಮೆರಿಕದಿಂದ ಬರುವ ನೆಂಟರ ಸೂಟ್‌ಕೇಸ್. ಅಕ್ಕ ಮತ್ತು ಭಾವ ಆಗಸ್ಟ್ ಕೊನೆಯಲ್ಲಿ ಗೌರಿ ಹಬ್ಬಕ್ಕೆಂದು ಬರುವವರಿದ್ದರು. ಭಾವ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದರು: "ಒಂದು ತರ್ತೀನಿ. ಮೂರೆಲ್ಲ ಆಗಲ್ಲ. ಯಾವುದು ಅಂತ ಸರಿಯಾಗಿ ಯೋಚನೆ ಮಾಡಿ ಹೇಳಿ, ವಾಪಸ್ ಮಾಡೋಕೆ ನಾನು ಮತ್ತೆ ಬರೋದು ಎರಡು ವರ್ಷ ಬಿಟ್ಟು." ಬೆಲೆ ಎಪ್ಪತ್ತು-ಎಂಬತ್ತು ಡಾಲರ್. ಆಗ ಡಾಲರಿಗೆ ನಲವತ್ತು ರೂಪಾಯಿಯ ಆಸುಪಾಸು, ಲೆಕ್ಕ ಹಾಕಿದರೆ ಮೂರು ಸಾವಿರ. ಗಿಟಾರ್ ಕೊಂಡದ್ದೇ ಅದಕ್ಕಿಂತ ಸ್ವಲ್ಪ ಹೆಚ್ಚಿಗೆ.

ಒಂದೇ ಪಿಕಪ್ ಅಂದಾಗ ವಿಷಯ ಮನೆಮಂದಿಯದ್ದಾಯಿತು. ಚಿಕ್ಕಪ್ಪ ದೂರವಾಣಿನಗರದ ಐಟಿಐ ಕಾರ್ಖಾನೆಯಿಂದ ನಿವೃತ್ತರಾದವರು. ಟೆಲಿಫೋನ್ ಎಕ್ಸ್‌ಚೇಂಜಿನ ರಿಲೇಗಳ ಕಾಯಿಲ್‌ಗಳ ನಡುವೆಯೇ ಅವರ ನೌಕರಿ ಕಳೆದಿತ್ತು. ಕಾಯಿಲ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಎದ್ದು ಬಂದರು. "ಪಿಕಪ್ ತರಿಸೋದು ಆಮೇಲೆ. ಇರೋದರಲ್ಲಿ ಏನು ಕೆಟ್ಟಿದೆ ನೋಡಿದೀರಾ?" ಯಾರೂ ನೋಡಿರಲಿಲ್ಲ. ಅವರು ತಮ್ಮ ಹಳೆಯ ಮುಳ್ಳಿನ ಮಲ್ಟಿಮೀಟರ್ ತಂದು, ಗಿಟಾರನ್ನು ಮಂಚದ ಮೇಲೆ ಅಂಗಾತ ಮಲಗಿಸಿ, ತಟ್ಟೆ ಬಿಚ್ಚಿದರು. ಕತ್ತಿನದ್ದು ಐದೂವರೆ ಸಾವಿರ ಓಮ್, ಬ್ರಿಡ್ಜಿನದ್ದು ಸುಮಾರು ಅಷ್ಟೇ. ನಡುವಿನದ್ದಕ್ಕೆ ಮುಳ್ಳು ಅಲುಗಲೇ ಇಲ್ಲ. "ಇದು ಸತ್ತು ಎಷ್ಟು ಕಾಲವಾಯ್ತೋ?" ಅಂದರು. ಸ್ವಿಚ್ಚನ್ನು ನಡುವಿಗೆ ತಂದಾಗ ಸದ್ದು ಬರದಿರುವುದು ಸ್ವಿಚ್ಚಿನ ದೋಷವೆಂದೇ ಅಣ್ಣ ತಿಳಿದಿದ್ದ. ಕಾಯಿಲಿನ ತಂತಿ ಬೆಸುಗೆಯ ಬುಡದಲ್ಲಿ ಹಸಿರುಗಟ್ಟಿ ತುಂಡಾಗಿತ್ತು. ತುದಿ ಹಿಡಿಯಲು ನೋಡಿದರೆ ಒಳಗೂ ಕೊಳೆತಿತ್ತು.

ಎರಡನೆಯ ದೋಷ ಹೇಳಿದ್ದು ದೊಡ್ಡಮ್ಮ. ಅವರು ವೀಣೆಯವರು, ಜಯನಗರದ ಸುತ್ತಮುತ್ತ ಸಣ್ಣಪುಟ್ಟ ಕಚೇರಿಗಳನ್ನೂ ಮಾಡುತ್ತಿದ್ದರು. ಗಿಟಾರ್ ಸಂಗೀತ ಅವರಿಗೆ ಇಷ್ಟವೂ ಅಲ್ಲ, ಕಷ್ಟವೂ ಅಲ್ಲ. ಅಡುಗೆಮನೆಯಿಂದಲೇ ಕೂಗಿ ಹೇಳಿದರು: "ಆ ದಪ್ಪ ತಂತಿಯನ್ನ ಮೇಲಿನ ಮನೆಗಳಲ್ಲಿ ಒತ್ತಿದಾಗ ಶ್ರುತಿ ತೇಲತ್ತೆ ಕಣೋ. ಮೀಟಿದ ತಕ್ಷಣ ಒಂದು, ಆಮೇಲೆ ಒಂದು." ಚಿಕ್ಕಪ್ಪ ಬಗ್ಗಿ ನೋಡಿದರು. ಸದ್ದು ಜೋರಾಗಲಿ ಅಂತ ಅಣ್ಣ ಕತ್ತಿನ ಪಿಕಪ್ಪನ್ನು ಸ್ಕ್ರೂ ತಿರುಗಿಸಿ ತಂತಿಗೆ ತಾಗುವಷ್ಟು ಏರಿಸಿಟ್ಟಿದ್ದ. ಅಯಸ್ಕಾಂತ ತಂತಿಯನ್ನೇ ಹಿಡಿದು ಎಳೆಯುತ್ತಿತ್ತು. ಮೂರು ಮಿಲಿಮೀಟರಿನಷ್ಟು ಅಂತರ ಬರುವ ಹಾಗೆ ಇಳಿಸಿದರು. ಒಂದು ಸ್ಕ್ರೂಡ್ರೈವರಿನ ಕೆಲಸ, ಕಾಸು ಖರ್ಚಿಲ್ಲ, ಗಿಟಾರ್ ಹೊಸ ಉಸಿರು ಎಳೆದುಕೊಂಡಿತು. ನನ್ನನ್ನು ಕೇಳಿದರೆ, ಪಿಕಪ್ ಬದಲಾಯಿಸಹೊರಟ ಪ್ರತಿಯೊಬ್ಬರನ್ನೂ ಮೊದಲು ಈ ಸ್ಕ್ರೂಗಳ ಮುಂದೆ ಅರ್ಧ ದಿನ ಕೂರಿಸಬೇಕು.

ಇನ್ನು ಹಾಟ್ ರೈಲ್ಸ್ ಪ್ರಶ್ನೆ. ಅದರ ರೆಸಿಸ್ಟೆನ್ಸ್ ಹದಿನಾರು ಸಾವಿರ ಓಮಿಗೂ ಮೇಲೆ ಅಂತ ನಾನು ಎದೆಯುಬ್ಬಿಸಿ ಹೇಳಿದೆ, ನಮ್ಮದರ ಮೂರು ಪಟ್ಟು ಅನ್ನುವ ಧಾಟಿಯಲ್ಲಿ. ಚಿಕ್ಕಪ್ಪ ಯಾರದೋ ಮದುವೆಯ ಕರೆಯೋಲೆಯ ಬೆನ್ನಿಗೆ ಚಿತ್ರ ಬರೆದರು. "ಸುತ್ತು ಜಾಸ್ತಿ ಆದ್ರೆ ಸದ್ದು ಜಾಸ್ತಿ, ಒಪ್ಪಿದೆ. ಆದ್ರೆ ಸುತ್ತಿನ ಜೊತೆ ಇಂಡಕ್ಟೆನ್ಸೂ ಏರತ್ತಲ್ಲ? ನಿಮ್ಮ ಕೇಬಲ್ ಎಷ್ಟುದ್ದ?" ಇಪ್ಪತ್ತು ಅಡಿ. ಅಡಿಗೆ ಮೂವತ್ತು ಪಿಕೋಫ್ಯಾರಡ್ ಅಂತ ಹಿಡಿದರೆ ಆರುನೂರು. ಕಾಯಿಲೂ ಈ ಕೇಬಲೂ ಸೇರಿ ಒಂದು ಅನುರಣನ ಮಂಡಲವಾಗುತ್ತದೆ. ಅದರ ಶಿಖರ ಎಲ್ಲಿದೆಯೋ ಅಲ್ಲಿ ಗಿಟಾರಿನ ಹೊಳಪು. ಅಲ್ಲಿಂದ ಮೇಲಿನ ನಾದವೆಲ್ಲ ಕಡಿದುಹೋಗುತ್ತದೆ. ಎರಡೂವರೆ ಹೆನ್ರಿಯ ಸಾಧಾರಣ ಸ್ಟ್ರಾಟ್ ಪಿಕಪ್ಪಿಗೆ ಶಿಖರ 4,000 ಹರ್ಟ್ಸ್ ಹತ್ತಿರ. ಎಂಟು ಹೆನ್ರಿಯ ಬಲಿಷ್ಠ ಪಿಕಪ್ಪಿಗೆ ಅದು 2,300ಕ್ಕೆ ಇಳಿದುಬಿಡುತ್ತದೆ. "ಇದು ಬೇರೆ ಗಿಟಾರೇ ಆಗಿಹೋಗತ್ತೆ. ಓಮ್ ನೋಡಿ ಪಿಕಪ್ ಕೊಳ್ಳೋದು ತೂಕ ನೋಡಿ ವೀಣೆ ಕೊಂಡ ಹಾಗೆ" ಅಂದರು. ದೊಡ್ಡಮ್ಮ ನಕ್ಕರು. ನಾನು ನಗಲಿಲ್ಲ.

ಆದರೂ ನಾನು ಸೋಲೊಪ್ಪಿಕೊಂಡದ್ದು ಶಿಖರದ ಲೆಕ್ಕಕ್ಕಲ್ಲ, ಅಣ್ಣನ ಮಾತಿಗೆ. ಅವನು ಹೇಳಿದ್ದು ಹೀಗೆ. ಗಣೇಶನ ಆರ್ಕೆಸ್ಟ್ರಾದಲ್ಲಿ ಒಂದೇ ಹಾಡಿನೊಳಗೆ ಕತ್ತಿನ ಪಿಕಪ್ಪಿನಲ್ಲಿ ಮೆಲ್ಲಗೆ ಕಾರ್ಡ್ ಹಿಡಿಯಬೇಕು, ತಟ್ಟನೆ ಬ್ರಿಡ್ಜಿಗೆ ಸ್ವಿಚ್ ಹಾಕಿ ಬಿಟ್ ನುಡಿಸಬೇಕು, ಮತ್ತೆ ಕತ್ತಿಗೆ ಮರಳಬೇಕು. ಬ್ರಿಡ್ಜಿನಲ್ಲಿ ಹಾಟ್ ರೈಲ್ಸ್ ಕೂತರೆ ಸ್ವಿಚ್ ಹಾಕಿದಾಗಲೆಲ್ಲ ಸದ್ದು ಒಂದಕ್ಕೆರಡಾಗಿ ಸಿಡಿಯುತ್ತದೆ. ವಾಪಸ್ ಬಂದರೆ ಗಿಟಾರ್ ಸತ್ತಂತೆ. ಸೌಂಡ್‌ನವನು ಮತ್ತೆ ಫೇಡರ್ ಇಳಿಸುತ್ತಾನೆ. "ಮೇಡನ್‌ನವರ ಹತ್ರ ಮೂರೂ ಜೋರಿರೋ ಗಿಟಾರ್ ಇದೆ, ಅವರದ್ದೇ ಸೌಂಡ್‌ನವರಿದಾರೆ. ನನಗೆ ಭಾವ ತರೋದು ಒಂದೇ. ಅದು ಪಕ್ಕದ ಎರಡರ ಜೊತೆ ಸಂಸಾರ ಮಾಡಬೇಕು." ಮರ್ರೆಯ ಸ್ಟ್ರಾಟಿನಲ್ಲಿ ಎರಡು ತುದಿಗೂ ಹಾಟ್ ರೈಲ್ಸ್, ನಡುವೆಯೂ ಹಂಬಕರ್ ಎಂಬುದು ಹೌದು. ನಾನು ಸುಮ್ಮನಾದೆ.

ಕೊನೆಗೆ ಆದ ತೀರ್ಮಾನ: ಬ್ರಿಡ್ಜಿಗೆ ಅದೇ ಡಂಕನ್ ಕಂಪನಿಯ ಲಿಟ್ಲ್ ’59. ಅದೂ ಪುಟ್ಟ ಡಬ್ಬಿಯ ಹಂಬಕರ್ರೇ, ಗುಂಯ್ ಇಲ್ಲ, ಆದರೆ ಐವತ್ತರ ದಶಕದ ಗಿಬ್ಸನ್ ಪಿಕಪ್ಪಿನ ಮಾದರಿಯ ಸದ್ದು, ಗದ್ದಲ ಕಡಿಮೆ. ಕತ್ತಿನದ್ದು ಇರುವಂತೆಯೇ ಇರಲಿ. ಸತ್ತ ನಡುವಿನದ್ದನ್ನು ನಾವೇ ಸುತ್ತಿಸೋಣ. ಈ ಕೊನೆಯದ್ದು ಚಿಕ್ಕಪ್ಪನ ಹಟ. ಅದರೊಳಗೊಂದು ಯೋಜನೆಯಿತ್ತು, ಅದನ್ನು ಆಗ ಬಾಯಿಬಿಡಲಿಲ್ಲ.

ತಂತಿಗೆ ಎಸ್.ಪಿ. ರೋಡಿಗೆ ಹೋದೆವು. ಪುಸ್ತಕಗಳಲ್ಲಿ ಇರುವುದು ಅಮೆರಿಕದ ಅಳತೆಯ 42ನೇ ಗೇಜು. ನಮ್ಮಲ್ಲಿ ವೈಂಡಿಂಗ್ ವೈರ್ ಮಾರುವುದು ಬ್ರಿಟಿಷ್ ಅಳತೆಯಲ್ಲಿ, 42 ಅಂತ ಕೇಳಿದರೆ ಅದಕ್ಕಿಂತ ಒಂದೂವರೆ ಪಟ್ಟು ದಪ್ಪದ್ದು ಕೊಟ್ಟುಬಿಡುತ್ತಾರೆ. ಬೇಕಾದದ್ದು ಇಲ್ಲಿನ 46. ಚಿಕ್ಕಪ್ಪ ಮೈಕ್ರೋಮೀಟರ್ ಜೇಬಿನಲ್ಲೇ ತಂದಿದ್ದರು, 0.06 ಮಿಲಿಮೀಟರ್ ಅಂತ ಖಾತ್ರಿಯಾದ ಮೇಲೆಯೇ ದುಡ್ಡು ಕೊಟ್ಟದ್ದು. ಒಂದು ಪಿಕಪ್ಪಿಗೆ ಬೇಕಾಗುವ ತಾಮ್ರದ ತೂಕ ಮೂವತ್ತು ಗ್ರಾಂ ಆಸುಪಾಸು, ಉದ್ದ ಒಂದು ಕಿಲೋಮೀಟರಿಗೂ ಹೆಚ್ಚು. "ಸೌತ್ ಎಂಡ್ ಸರ್ಕಲ್‌ನಲ್ಲಿ ತುದಿ ಕಟ್ಟಿದ್ರೆ ನಮ್ಮ ಕೆರೆವರೆಗೂ ಎಳೀಬಹುದು" ಅಂದರು ಚಿಕ್ಕಪ್ಪ, ಬಸ್ಸಿನಲ್ಲಿ ಎಲ್ಲರಿಗೂ ಕೇಳುವಂತೆ.

ಸುತ್ತಿಸಿದ್ದು ನಮ್ಮ ಬೀದಿಯ ತುದಿಯ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ. ಬೋರ್‌ವೆಲ್ ಮೋಟಾರು, ಫ್ಯಾನು, ಮಿಕ್ಸಿ ಸುತ್ತುವ ಜಾಗ. ಯಜಮಾನರು ಪಿಕಪ್ಪಿನ ಪ್ಲಾಸ್ಟಿಕ್ ಚೌಕಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, "ಇದ್ಯಾವ ಮೋಟ್ರು ಸಾಮಿ?" ಅಂದರು. ವಿವರಿಸಿದೆವು. ತಂತಿ ನೋಡಿ ಕನ್ನಡಕ ಹಾಕಿಕೊಂಡರು. ಅವರ ಬಳಿ ಕೈಯಲ್ಲಿ ತಿರುಗಿಸುವ ವೈಂಡಿಂಗ್ ಮಿಷನ್ ಇತ್ತು, ಸುತ್ತು ಎಣಿಸುವ ಮೀಟರ್ ಸಮೇತ. ಹಿಡಿತ ಬಿಗಿಯಾದರೆ ತಂತಿ ತುಂಡಾಗುತ್ತದೆ, ಸಡಿಲವಾದರೆ ಸುತ್ತು ಜಾರಿ ಮುದ್ದೆಯಾಗುತ್ತದೆ. ಮೊದಮೊದಲು ಕಡಿದುಹೋಗಿ ಅವರ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಹೇಳಲಾರೆ. ಆಮೇಲೆ ಎರಡು ಬೆರಳ ನಡುವೆ ಫೆಲ್ಟ್ ಬಟ್ಟೆಯ ಚೂರಿಟ್ಟು, ಅದರೊಳಗಿಂದ ತಂತಿ ಜಾರಿಬಿಡುತ್ತ, ಉಸಿರು ಹಿಡಿದು ತಿರುಗಿಸಿದರು. ಮೀಟರು ಏಳು ಸಾವಿರ ದಾಟಿದಾಗ ಅಂಗಡಿಯ ಹುಡುಗರೆಲ್ಲ ಕೆಲಸ ಬಿಟ್ಟು ಸುತ್ತ ನಿಂತಿದ್ದರು. ಮೋಟಾರಿಗೆ ಇಷ್ಟು ಸುತ್ತನ್ನು ಅವರು ಒಂದು ತಿಂಗಳಲ್ಲೂ ಹಾಕಿರಲಾರರು. ಕೂಲಿ ಎಷ್ಟು ಅಂತ ಕೇಳಿದರೆ, "ಟೇಬಲ್ ಫ್ಯಾನಿಂದು ಕೊಡಿ" ಅಂದರು.

ಈಗ ಚಿಕ್ಕಪ್ಪನ ಯೋಜನೆ ಹೊರಬಂತು. ಅಗ್ಗದ ಪಿಕಪ್ಪುಗಳಲ್ಲಿ ಅಯಸ್ಕಾಂತದ ಕಂಬಗಳಿರುವುದಿಲ್ಲ. ಬರೀ ಉಕ್ಕಿನ ಆರು ಗೂಟ, ಕೆಳಗೆ ಅಂಟಿಸಿದ ಒಂದು ಸೆರಾಮಿಕ್ ಪಟ್ಟಿ. ಅವರು ಹ್ಯಾಕ್ಸಾ ಬ್ಲೇಡಿನಿಂದ ಆ ಪಟ್ಟಿ ಎಬ್ಬಿಸಿ, ಮಗುಚಿ, ಮತ್ತೆ ಅಂಟಿಸಿದರು. ಉತ್ತರ ಧ್ರುವ ಇದ್ದಲ್ಲಿಗೆ ದಕ್ಷಿಣ ಬಂತು. ಹಾಗೆಯೇ ಬಿಟ್ಟಿದ್ದರೆ ನಡುವಿನದ್ದೂ ಕತ್ತಿನದ್ದೂ ಜೊತೆ ನುಡಿಯುವಾಗ ಒಂದನ್ನೊಂದು ಕೊಲ್ಲುತ್ತಿದ್ದವು. ಆದರೆ ಕಾಯಿಲಿನ ಎರಡು ತುದಿಗಳನ್ನೂ ಅವರು ಅದಲುಬದಲು ಮಾಡಿ ಬೆಸೆದರು. ತಂತಿಯ ನಾದ ಎರಡು ಸಲ ತಲೆಕೆಳಗಾಗಿ ಮೊದಲಿನ ಹಾಗೇ ಆಯಿತು. ಗುಂಯ್‌ಗೆ ಅಯಸ್ಕಾಂತದ ಹಂಗಿಲ್ಲವಲ್ಲ, ಅದು ಒಂದೇ ಸಲ ತಲೆಕೆಳಗಾಯಿತು. ನಡುವಿನ ಗುಂಯ್ ಮೇಲಕ್ಕೇರುವಾಗ ಕತ್ತಿನ ಗುಂಯ್ ಕೆಳಕ್ಕಿಳಿಯುತ್ತದೆ. ಕೂಡಿದರೆ ಸೊನ್ನೆ. ದೂರ ದೂರ ಕೂತ ಎರಡು ಒಂಟಿ ಸುರುಳಿಗಳು ಸೇರಿ ಒಂದು ಹಂಬಕರ್. ಅಮೆರಿಕದ ಕಂಪನಿಗಳು ಇಂಥ ನಡುವಿನ ಪಿಕಪ್ಪನ್ನು ಬೇರೆಯಾಗಿಯೇ ಮಾರುತ್ತವೆ ಅಂತ ಆಮೇಲೆ ತಿಳಿಯಿತು. ಉಲ್ಟಾ ಸುತ್ತಬೇಕಾ ಅಂತ ಅಂಗಡಿಯವರು ಕೇಳಿದ್ದಕ್ಕೆ ಚಿಕ್ಕಪ್ಪ ಬೇಡ ಅಂದದ್ದು ಯಾಕೆಂದು ನನಗೆ ಆಗ ಹೊಳೆಯಿತು.

ಸುತ್ತುಗಳು ಒಳಗೇ ಅಲುಗಿ ಕಿರುಚಬಾರದೆಂದು ಮೇಣದಲ್ಲಿ ಅದ್ದುವ ಕೆಲಸ ಉಳಿದಿತ್ತು. ಮೇಣದಬತ್ತಿ, ಅದಕ್ಕೆ ಗ್ರಂಥಿಗೆ ಅಂಗಡಿಯ ಒಂದಿಷ್ಟು ಜೇನುಮೇಣ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ, ಗಾಳಿಯ ಗುಳ್ಳೆ ನಿಲ್ಲುವ ತನಕ ಮುಳುಗಿಸಿದ್ದು. ಆ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಲಿಲ್ಲ. ಅದರ ಬಗ್ಗೆ ದೊಡ್ಡಮ್ಮ ಇವತ್ತಿಗೂ ಮಾತೆತ್ತುತ್ತಾರೆ.

ಭಾವ ಬಂದರು, ಲಿಟ್ಲ್ ’59 ಬಂತು, ಬೆರಳುದ್ದದ ಪೆಟ್ಟಿಗೆಯಲ್ಲಿ. ಬೆಸುಗೆ ಹಾಕುವ ಮೊದಲು ಚಿಕ್ಕಪ್ಪ ಅದನ್ನೂ ಮುಳ್ಳಿನ ಮೀಟರಿಗೆ ಕಟ್ಟಿ, ಸ್ಕ್ರೂಡ್ರೈವರನ್ನು ಪಿಕಪ್ಪಿಗೆ ತಾಗಿಸಿ ಸರಕ್ಕನೆ ಎತ್ತಿದರು. ಮುಳ್ಳು ಯಾವ ಕಡೆಗೆ ಜಿಗಿಯುತ್ತದೆಂದು ನೋಡಿ, ಉಳಿದೆರಡನ್ನೂ ಹಾಗೇ ನೋಡಿ, ಮೂರೂ ಒಂದೇ ಕಡೆಗೆ ಜಿಗಿಯುವಂತೆ ತಂತಿ ಜೋಡಿಸಿದರು. ಈ ಕೆಲಸಕ್ಕೆ ಅಂಕಿ ತೋರಿಸುವ ಡಿಜಿಟಲ್ ಮೀಟರ್ ಅಷ್ಟು ಒದಗುವುದಿಲ್ಲ, ಅಂಕಿ ಕಾಣುವಷ್ಟರಲ್ಲಿ ಜಿಗಿತ ಮುಗಿದಿರುತ್ತದೆ. ಕಿಂಡಿಗಳ ಒಳಗೋಡೆಗೆ ತಾಮ್ರದ ಹಾಳೆ ಅಂಟಿಸಿ ಅರ್ತ್ ಕೊಟ್ಟರು. ವಾಲ್ಯೂಮ್ ಪಾಟ್ ಹಂಬಕರಿಗೆ 500 ಕಿಲೋ ಓಮಿನದ್ದು ಬೇಕೆಂದು ನಾನು ಓದಿದ್ದೆ. ಅಣ್ಣ ಹಳೆಯ 250ರದ್ದೇ ಇರಲಿ ಅಂದ, ಬ್ರಿಡ್ಜ್ ಚುಚ್ಚುವುದು ಬೇಡವೆಂದು. ಅದು ಅವನ ಕಿವಿ, ನಾನೇನೂ ಹೇಳಲಿಲ್ಲ.

ಕಾರ್ಯಕ್ರಮದ ರಾತ್ರಿ ಎಲ್ಲ ಹಾಜರಿತ್ತು: ತಲೆಯ ಮೇಲೆ ಟ್ಯೂಬ್‌ಲೈಟ್ ಸಾಲು, ಹಿಂದೆ ಓಡುವ ಸೀರಿಯಲ್ ಸೆಟ್, ಪಕ್ಕದಲ್ಲಿ ಜನರೇಟರ್. ಮುಂಗಾರು ಮಳೆ ಸಿನಿಮಾ ಬಂದು ಒಂಬತ್ತು ತಿಂಗಳೂ ಆಗಿರಲಿಲ್ಲ, ಜನಕ್ಕೆ ಬೇರೆ ಹಾಡೇ ಬೇಡ. ಅಣ್ಣ ಗಿಟಾರ್ ಸಿಕ್ಕಿಸಿ, ಸ್ವಿಚ್ಚನ್ನು ಕತ್ತು ಮತ್ತು ನಡುವಿನ ಜೋಡಿಗೆ ತಂದು, ಕೈಬಿಟ್ಟು ನಿಂತ. ಏನೂ ಕೇಳಲಿಲ್ಲ. ಸೌಂಡ್‌ನವನು ಕೇಬಲ್ ಕಳಚಿದೆಯೆಂದುಕೊಂಡು ವೇದಿಕೆ ಹತ್ತಿ ಬಂದ. ಅಣ್ಣ ಒಂದು ಕಾರ್ಡ್ ಎಳೆದ. ಅವನು ಇಳಿದುಹೋದ. ಬ್ರಿಡ್ಜಿನಲ್ಲಿ ಬಿಟ್ ಬಂದಾಗ ಸದ್ದು ತುಸು ಮುಂದೆ ಬಂತು, ಸಿಡಿಯಲಿಲ್ಲ. ಇಡೀ ರಾತ್ರಿ ಫೇಡರ್ ಇದ್ದಲ್ಲೇ ಇತ್ತು. ಕತ್ತಿನದ್ದೊಂದನ್ನೇ ಹಾಕಿದಾಗ ಮಾತ್ರ ಹಳೇ ಗುಂಯ್ ಇಣುಕುತ್ತಿತ್ತು, ಹಾಗಾಗಿ ಅಣ್ಣ ಆ ಕಡೆ ಹೆಚ್ಚು ಹೋಗಲಿಲ್ಲ. ಕವರ್ ಕೊಡುವಾಗ ಕಾರ್ಯದರ್ಶಿಗಳು ಕೇಳಿದರಂತೆ, "ಈ ಸಲ ಗಿಟಾರ್ ಹೊಸದಾ?" ಮೂರರಲ್ಲಿ ಒಂದು ಹೊಸದು, ಒಂದು ಹಳೇದು, ಒಂದು ಸತ್ತು ಬದುಕಿದ್ದು ಅಂತ ಅವರಿಗೆ ಹೇಳುತ್ತ ಕೂರುವ ಹೊತ್ತಲ್ಲ.

ಬಿಚ್ಚಿದ ಬ್ರಿಡ್ಜಿನ ಪಿಕಪ್ ಮಾತ್ರ ಮನೆಯಲ್ಲಿ ಉಳಿಯಿತು. ಒಂದು ಸಂಜೆ ದೊಡ್ಡಮ್ಮ ವೀಣೆ ಮುಂದಿಟ್ಟುಕೊಂಡು, "ಅದನ್ನ ಇಲ್ಲಿ ಹಿಡಿ ನೋಡೋಣ" ಅಂದರು. ಯು. ಶ್ರೀನಿವಾಸ್ ಅವರ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಕೇಳಿದಾಗಿನಿಂದ ಅವರಿಗೆ ಈ ಕುತೂಹಲವಿತ್ತು. ಪಿಕಪ್ಪಿಗೆ ಕೇಬಲ್ ಬೆಸೆದು ತಂತಿಗಳ ಹತ್ತಿರ ಹಿಡಿದೆ. ಸಾರಣಿ ಮೀಟಿದರು, ಆಂಪ್ಲಿಫೈಯರ್ ಖಣಿಲ್ ಅಂತು. ಪಂಚಮವೂ ಹಾಗೇ. ಮಂದ್ರ ಮೀಟಿದರು, ಮೌನ. ಅನುಮಂದ್ರ, ಅದೂ ಮೌನ. ಅವೆರಡು ಹಿತ್ತಾಳೆಯ ತಂತಿ. ಅಯಸ್ಕಾಂತಕ್ಕೆ ಹಿತ್ತಾಳೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ವೀಣೆಗೆ ಉಕ್ಕಿನ ತಂತಿಯನ್ನೇ ಪೂರ್ತಿ ಕಟ್ಟಿದರೆ ಹೇಗೆ ಅಂತ ಚಿಕ್ಕಪ್ಪ ಶುರುಮಾಡಿದರು. ದೊಡ್ಡಮ್ಮ ಅವರನ್ನು ಅಲ್ಲೇ ತಡೆದರು. "ನನ್ನ ಅರ್ಧ ವೀಣೆ ಕೇಳದ ಯಂತ್ರಕ್ಕೆ ನಾನ್ಯಾಕೆ ತಂತಿ ಬದಲಾಯಿಸಲಿ? ಮರದ ಅದುರು ಹಿಡಿಯೋ ಕಾಂಟ್ಯಾಕ್ಟ್ ಮೈಕ್ ಇದೆ, ಅದಕ್ಕೆ ಲೋಹ ಯಾವುದಾದ್ರೇನು. ಐರನ್ ಹೇಗೂ ಕಾದಿದೆಯಲ್ಲ, ಆ ಮೈಕಿನ ವೈರ್ ಲೂಸಾಗಿದೆ, ಒಂದು ಟಾಕ ಹಾಕಿಕೊಡು. ಕಾರ್ತಿಕದಲ್ಲಿ ನನಗೆ ಕಚೇರಿ ಇದೆ."